ಕೊಂಕಣ ಸುತ್ತಿ ಮೈಲಾರಕ್ಕೆ: ಫೋನಿನಿಂದ ಕಂಪ್ಯೂಟರಿಗೆ ಕಡತ ಸಾಗುವ ದಾರಿ

ತಾಲ್ಲೂಕು ಕಚೇರಿಗಳ ಎದುರಿನ ಜೆರಾಕ್ಸ್ ಅಂಗಡಿಗಳ ಗಾಜಿನ ಮೇಲೆ ಒಂದು ಮೊಬೈಲ್ ಸಂಖ್ಯೆಯನ್ನು ಅಂಟಿಸಿರುವುದನ್ನು ಎಲ್ಲರೂ ನೋಡಿರುತ್ತಾರೆ. ಪ್ರಿಂಟ್ ಬೇಕಾದವರು ತಮ್ಮ ಫೋನಿನಲ್ಲಿರುವ ಆಧಾರ್ ಕಾರ್ಡನ್ನೋ ಪಹಣಿಯನ್ನೋ ಅಂಕಪಟ್ಟಿಯನ್ನೋ ಆ ಸಂಖ್ಯೆಗೆ ವಾಟ್ಸಾಪ್ ಮಾಡಬೇಕು. ಅಂಗಡಿಯವರು ಕಂಪ್ಯೂಟರಿನಲ್ಲಿ ತೆರೆದಿಟ್ಟುಕೊಂಡಿರುವ ವಾಟ್ಸಾಪ್ ವೆಬ್‌ನಿಂದ ಅದನ್ನು ಇಳಿಸಿಕೊಂಡು ಮುದ್ರಿಸಿ ಕೊಡುತ್ತಾರೆ. ಗ್ರಾಹಕರ ಕೈಯಲ್ಲಿರುವ ಫೋನಿಗೂ ಅಂಗಡಿಯ ಮೇಜಿನ ಮೇಲಿರುವ ಕಂಪ್ಯೂಟರಿಗೂ ನಡುವೆ ಹೆಚ್ಚೆಂದರೆ ಎರಡು ಮೊಳ ದೂರ. ಆದರೆ ಕಡತವು ಫೋನಿನಿಂದ ಹೊರಟು, ಊರಿನ ಟವರನ್ನು ತಲುಪಿ, ಅಲ್ಲಿಂದ ದೂರದ ಯಾವುದೋ ಸರ್ವರಿಗೆ ಹೋಗಿ, ಮತ್ತೆ ಅದೇ ಊರಿಗೆ ಅಂಗಡಿಯ ಇಂಟರ್‌ನೆಟ್ ಸಂಪರ್ಕದ ಮೂಲಕ ಇಳಿಯುತ್ತದೆ. ಕೊಂಕಣ ಸುತ್ತಿ ಮೈಲಾರಕ್ಕೆ ಬಂದಂತೆ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಗುತ್ತದೆ.

ಎರಡು ಮೊಳ ದೂರವನ್ನು ತಂತಿಯಿಲ್ಲದೆ ನೇರವಾಗಿ ದಾಟಿಸುವ ತಂತ್ರ ಇಪ್ಪತ್ತು ವರ್ಷಗಳಿಗೂ ಹಿಂದಿನಿಂದ ಫೋನುಗಳಲ್ಲಿದೆ. ಹದಿನೈದು ವರ್ಷಗಳಿಂದೀಚೆಗೆ ಅದು ಸಾಕಷ್ಟು ವೇಗವನ್ನೂ ಪಡೆದಿದೆ. ಆಗದೆ ಉಳಿದದ್ದೆಂದರೆ ಒಂದು ಕಂಪನಿಯ ಫೋನು ಇನ್ನೊಂದು ಕಂಪನಿಯ ಕಂಪ್ಯೂಟರಿನ ಗುರುತು ಹಿಡಿದು, ನಂಬಿ, ಕಡತವನ್ನು ಒಪ್ಪಿಸಲು ಬೇಕಾದ ಸಾಮಾನ್ಯ ಒಪ್ಪಂದ. ಆ ಒಪ್ಪಂದದ ಒಂದು ಭಾಗ ಕಳೆದ ಎರಡು ಮೂರು ವರ್ಷಗಳಲ್ಲಿ, ಅದರಲ್ಲೂ 2025ರಲ್ಲಿ, ಕೂಡಿಬಂದಿದೆ. ಹಾಗಿದ್ದೂ ಅಂಗಡಿಯ ಗಾಜಿನ ಮೇಲಿನ ಸಂಖ್ಯೆ ಅಲ್ಲಿಯೇ ಇದೆ. ಅದು ಏಕೆ ಅಲ್ಲಿದೆ, ಅದರಿಂದ ಯಾರಿಗೆ ಏನು ನಷ್ಟ, ನೇರ ದಾರಿ ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ತುಸು ವಿವರವಾಗಿಯೇ ನೋಡಬೇಕಾಗಿದೆ.

ಮೊದಲು ನಷ್ಟದ ಮಾತು. ವಾಟ್ಸಾಪ್ 2016ರ ಏಪ್ರಿಲ್‌ನಿಂದ ಎಲ್ಲ ಸಂದೇಶಗಳಿಗೂ ಎರಡು ತುದಿಗಳ ನಡುವಿನ ಗೂಢಲಿಪಿಯನ್ನು ಬಳಸುತ್ತಿದೆ. ಎಂದರೆ ಕಳಿಸುವವರ ಮತ್ತು ಪಡೆಯುವವರ ಸಾಧನಗಳನ್ನು ಬಿಟ್ಟರೆ ನಡುವಿನ ಸರ್ವರ್ ಕೂಡ ಕಡತವನ್ನು ಓದಲಾರದು. ಆದ್ದರಿಂದ ದಾರಿಯ ಬಗ್ಗೆ ಹೆಚ್ಚು ಭಯಪಡಬೇಕಾಗಿಲ್ಲ. ಅಪಾಯ ಇರುವುದು ಪಡೆಯುವ ತುದಿಯಲ್ಲಿ. ಆಧಾರ್ ಚಿತ್ರವೊಂದು ಅಂಗಡಿಯವರ ಫೋನಿನ ಸಂಭಾಷಣೆಯಲ್ಲಿ ಒಂದು ಪ್ರತಿಯಾಗಿ ಉಳಿಯುತ್ತದೆ, ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಇನ್ನೊಂದು ಪ್ರತಿಯಾಗಿ ಉಳಿಯುತ್ತದೆ, ಫೋನಿನ ಬ್ಯಾಕಪ್ ಚಾಲೂ ಇದ್ದರೆ ಮೂರನೆಯದೂ ಸೇರುತ್ತದೆ. ಇವುಗಳ ಜೊತೆಗೆ, ಬಹಳ ಜನ ಗಮನಿಸದ ಸಂಗತಿಯೊಂದಿದೆ: ಚಿತ್ರವನ್ನು ಕಳಿಸಿದ ಕ್ಷಣವೇ ಗ್ರಾಹಕರ ಮೊಬೈಲ್ ಸಂಖ್ಯೆಯೂ ಅಂಗಡಿಗೆ ಸಿಕ್ಕಿರುತ್ತದೆ. ಹೆಸರು, ವಿಳಾಸ, ಆಧಾರ್ ಸಂಖ್ಯೆ, ಮತ್ತು ಹೆಚ್ಚಿನವರ ವಿಷಯದಲ್ಲಿ ಬ್ಯಾಂಕ್ ಖಾತೆಗೆ ಜೋಡಣೆಯಾಗಿರುವ ಅದೇ ಮೊಬೈಲ್ ಸಂಖ್ಯೆ, ಇವೆಲ್ಲ ಒಂದೇ ಕಡೆ ಒಟ್ಟಾಗಿ ಸಿಗುವುದು ವಂಚಕರಿಗೆ ಬೇಕಾದ ಸ್ಥಿತಿ. ಅಂಗಡಿಯವರು ಪ್ರಾಮಾಣಿಕರಾಗಿರಬಹುದು, ಬಹುತೇಕರು ಹಾಗೆಯೇ ಇದ್ದಾರೆ. ಆದರೆ ದಿನಕ್ಕೆ ನೂರಾರು ಜನರ ದಾಖಲೆಗಳು ಬಂದು ಬೀಳುವ ಆ ಕಂಪ್ಯೂಟರು ಯಾರ್ಯಾರದೋ ಪೆನ್‌ಡ್ರೈವ್ ಸಿಕ್ಕಿಸಿಕೊಳ್ಳುವ ಕಂಪ್ಯೂಟರು ಕೂಡ ಆಗಿರುತ್ತದೆ.

2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಪ್ರಕಟಣೆ ಹೊರಡಿಸಿ, ಆಧಾರ್ ಪ್ರತಿಯನ್ನು ಕಂಡಕಂಡವರಿಗೆ ಕೊಡಬೇಡಿ, ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಬಳಸಿ, ಇಂಟರ್‌ನೆಟ್ ಕೆಫೆಗಳ ಕಂಪ್ಯೂಟರಿನಲ್ಲಿ ಇ-ಆಧಾರ್ ಇಳಿಸಿಕೊಳ್ಳಬೇಡಿ, ಇಳಿಸಿಕೊಂಡರೆ ಎಲ್ಲ ಪ್ರತಿಗಳನ್ನೂ ಅಳಿಸಿಬಿಡಿ ಎಂದು ಎಚ್ಚರಿಸಿತ್ತು. ತಪ್ಪು ಅರ್ಥ ಬರಬಹುದೆಂಬ ಕಾರಣ ನೀಡಿ ಕೇಂದ್ರ ಸರ್ಕಾರ ಎರಡೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಂಡಿತು. ನನ್ನ ಅಭಿಪ್ರಾಯದಲ್ಲಿ ಆ ಪ್ರಕಟಣೆಯ ಸಲಹೆಗಳು ಸರಿಯಾಗಿಯೇ ಇದ್ದವು, ಮತ್ತು ಅವು ಜೆರಾಕ್ಸ್ ಅಂಗಡಿಯ ವಾಟ್ಸಾಪ್ ಸಂಖ್ಯೆಗೂ ಹಾಗೆಯೇ ಅನ್ವಯಿಸುತ್ತವೆ.

ಇನ್ನೊಂದು ನಷ್ಟ ಗುಣಮಟ್ಟದ್ದು. ಫೋಟೊ ಎಂದು ಕಳಿಸಿದ ಚಿತ್ರವನ್ನು ವಾಟ್ಸಾಪ್ ಕುಗ್ಗಿಸಿ ಕಳಿಸುತ್ತದೆ. ಚಿತ್ರ ತೆಗೆದ ದಿನಾಂಕ, ಸ್ಥಳದಂತಹ ಒಳವಿವರಗಳೂ ಬಿಟ್ಟುಹೋಗುತ್ತವೆ. ಮುಖಗಳಿರುವ ಫೋಟೊದಲ್ಲಿ ಈ ಕುಗ್ಗುವಿಕೆ ಕಣ್ಣಿಗೆ ಕಾಣಿಸದಿರಬಹುದು. ಆದರೆ ಪಹಣಿಯಂತಹ, ಸಣ್ಣ ಅಕ್ಷರಗಳು ಒತ್ತೊತ್ತಾಗಿರುವ ದಾಖಲೆಯಲ್ಲಿ ಒತ್ತಕ್ಷರಗಳು ಕಲಸಿಹೋಗುತ್ತವೆ, ಸರ್ವೆ ಸಂಖ್ಯೆಯ 3 ಮತ್ತು 8 ಒಂದೇ ತರಹ ಕಾಣತೊಡಗುತ್ತವೆ. ಅದನ್ನೇ ಡಾಕ್ಯುಮೆಂಟ್ ಎಂದು ಕಳಿಸಿದರೆ ಮೂಲ ಹಾಗೆಯೇ ಹೋಗುತ್ತದೆ. ಈ ವ್ಯತ್ಯಾಸವನ್ನು ಅಂಗಡಿಯವರೂ ಹೇಳುವುದು ಅಪರೂಪ.

ಈ ರೂಢಿ ಬೆಳೆದು ಬಂದ ಬಗೆಯನ್ನು ತಿಳಿಯಲು ಹಿಂದಕ್ಕೆ ಹೋಗಬೇಕು. ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ 1990ರ ದಶಕದಲ್ಲಿ ಆರಂಭವಾದ ಅಲ್ಪದೂರದ ರೇಡಿಯೊ ಪ್ರಯೋಗವು 1998ರಲ್ಲಿ ಎರಿಕ್ಸನ್, ನೋಕಿಯಾ, ಐಬಿಎಂ, ಇಂಟೆಲ್ ಮತ್ತು ತೋಷಿಬಾ ಸೇರಿ ಕಟ್ಟಿದ ಒಕ್ಕೂಟದ ಮೂಲಕ ಬ್ಲೂಟೂತ್ ಆಗಿ ಹೊರಬಂತು. ಹತ್ತನೆಯ ಶತಮಾನದ ಡೆನ್ಮಾರ್ಕಿನ ಅರಸ ಹರಾಲ್ಡ್ ಬ್ಲೂಟೂತ್ ಚೆದುರಿದ ಜನರನ್ನು ಒಂದುಗೂಡಿಸಿದಂತೆ ಫೋನು ಮತ್ತು ಕಂಪ್ಯೂಟರು ಎಂಬ ಎರಡು ಉದ್ಯಮಗಳನ್ನು ಈ ತಂತ್ರ ಒಂದುಗೂಡಿಸಲಿ ಎಂಬ ಆಶಯದಿಂದಲೇ ಆ ಹೆಸರು ಬಂದದ್ದು. ಆ ಕಾಲಕ್ಕೆ ಆಶಯ ನೆರವೇರಿತ್ತು ಎಂದೇ ಹೇಳಬೇಕು: ಯಾವ ಕಂಪನಿಯ ಫೋನಿನಿಂದಾದರೂ ಯಾವ ಕಂಪನಿಯ ಕಂಪ್ಯೂಟರಿಗಾದರೂ ಒಂದು ರಿಂಗ್‌ಟೋನನ್ನೋ ಚಿತ್ರವನ್ನೋ ಕಳಿಸಬಹುದಿತ್ತು. ಅಡ್ಡಿಯಾದದ್ದು ವೇಗ. 2004ರ ಎರಡನೆಯ ಆವೃತ್ತಿಯ ನಂತರವೂ ಬ್ಲೂಟೂತ್ ಸೆಕೆಂಡಿಗೆ ಸುಮಾರು 2 ಮೆಗಾಬಿಟ್‌ಗಿಂತ ಹೆಚ್ಚು ಸಾಗಿಸಲಾರದು. ಹಾಡುಗಳಿಗೆ ಅದು ಸಾಕಾಗುತ್ತಿತ್ತು, ಸಿನಿಮಾಗಳಿಗೆ ಸಾಲುತ್ತಿರಲಿಲ್ಲ. ಆದ್ದರಿಂದಲೇ ನಮ್ಮ ಬಸ್ ನಿಲ್ದಾಣಗಳ ಪಕ್ಕದ ಮೊಬೈಲ್ ಅಂಗಡಿಗಳಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಡುವ ವ್ಯಾಪಾರ ವರ್ಷಗಳ ಕಾಲ ನಡೆಯಿತು. ಐಫೋನ್ ಅಂತೂ ಬ್ಲೂಟೂತ್ ಮೂಲಕ ಕಡತ ಕಳಿಸುವ ಆ ಸಾಮಾನ್ಯ ಪದ್ಧತಿಯನ್ನು ಆರಂಭದಿಂದಲೇ ಒಳಗೆ ಬಿಟ್ಟುಕೊಳ್ಳಲಿಲ್ಲ.

ಆ ಕೊರತೆಯನ್ನು ತುಂಬಿದವು ಶೇರ್‌ಇಟ್, ಕ್ಸೆಂಡರ್‌ನಂತಹ ಆಪ್‌ಗಳು. ಇವುಗಳ ಉಪಾಯ ಸರಳವಾಗಿತ್ತು: ಒಂದು ಫೋನು ತಾನೇ ಒಂದು ಹಾಟ್‌ಸ್ಪಾಟ್ ಆಗುವುದು, ಇನ್ನೊಂದು ಅದಕ್ಕೆ ಜೋಡಿಸಿಕೊಳ್ಳುವುದು, ಕಡತವು ವೈಫೈ ವೇಗದಲ್ಲಿ ದಾಟುವುದು. ಮೊಬೈಲ್ ಡೇಟಾ ದುಬಾರಿಯಾಗಿದ್ದ ಕಾಲದಲ್ಲಿ ಕಾಲೇಜು ಹಾಸ್ಟೆಲುಗಳಲ್ಲಿ, ಹಳ್ಳಿಗಳಲ್ಲಿ ಇವು ಮನೆಮಾತಾಗಿದ್ದವು. 2020ರ ಜೂನ್ 29ರಂದು ಕೇಂದ್ರ ಸರ್ಕಾರವು ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನಡಿ ನಿರ್ಬಂಧಿಸಿದ 59 ಆಪ್‌ಗಳ ಪಟ್ಟಿಯಲ್ಲಿ ಟಿಕ್‌ಟಾಕ್ ಎಲ್ಲರ ಗಮನ ಸೆಳೆಯಿತಾದರೂ ಅದೇ ಪಟ್ಟಿಯಲ್ಲಿ ಶೇರ್‌ಇಟ್, ಕ್ಸೆಂಡರ್, ಇಎಸ್ ಫೈಲ್ ಎಕ್ಸ್‌ಪ್ಲೋರರ್ ಮೂರೂ ಇದ್ದವು. ಒಂದೇ ರಾತ್ರಿಯಲ್ಲಿ ಜನ ಬಳಸುತ್ತಿದ್ದ ನೇರ ದಾರಿ ಮುಚ್ಚಿತು. ಗೂಗಲ್ ತನ್ನ ನಿಯರ್‌ಬೈ ಶೇರ್ ಅನ್ನು ಅದೇ ವರ್ಷದ ಆಗಸ್ಟ್‌ನಲ್ಲಿ ಆಂಡ್ರಾಯ್ಡ್ ಫೋನುಗಳಿಗೆ ಕೊಟ್ಟಿತಾದರೂ ಅದು ವಿಂಡೋಸ್ ಕಂಪ್ಯೂಟರಿಗೆ ಅಧಿಕೃತವಾಗಿ ಬಂದದ್ದು 2023ರ ಜುಲೈನಲ್ಲಿ. ನಡುವಿನ ಮೂರು ವರ್ಷಗಳಲ್ಲಿ, 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದ ಮೇಲೆ ಅಗ್ಗವಾಗಿದ್ದ ಡೇಟಾದ ಬಲದಿಂದ, ವಾಟ್ಸಾಪ್ ಆ ಜಾಗವನ್ನು ಪೂರ್ತಿಯಾಗಿ ಹಿಡಿದಿತ್ತು. ಅಂಗಡಿಯ ಗಾಜಿನ ಮೇಲಿನ ಸಂಖ್ಯೆ ಗಟ್ಟಿಯಾಗಿ ಅಂಟಿಕೊಂಡದ್ದು ಆ ಅವಧಿಯಲ್ಲೇ ಎಂಬುದು ನನ್ನ ಎಣಿಕೆ.

ನೇರ ದಾರಿಯ ಒಳರಚನೆಯನ್ನು ಈಗ ನೋಡೋಣ. ಎರಡು ಸಾಧನಗಳ ನಡುವೆ ತಂತಿಯಿಲ್ಲದೆ ಕಡತ ಸಾಗಬೇಕಾದರೆ ಎರಡು ಕೆಲಸಗಳಾಗಬೇಕು: ಒಂದನ್ನೊಂದು ಕಂಡುಕೊಳ್ಳುವುದು ಮತ್ತು ಹೊರೆಯನ್ನು ಸಾಗಿಸುವುದು. ಆಪಲ್‌ನ ಏರ್‌ಡ್ರಾಪ್, ಗೂಗಲ್‌ನ ಕ್ವಿಕ್ ಶೇರ್ (ನಿಯರ್‌ಬೈ ಶೇರ್‌ನ ಈಗಿನ ಹೆಸರು) ಮುಂತಾದವು ಈ ಎರಡನ್ನು ಬೇರೆ ಬೇರೆ ರೇಡಿಯೊಗಳಿಗೆ ಹಂಚುತ್ತವೆ. ಅತಿ ಕಡಿಮೆ ವಿದ್ಯುತ್ ಬಳಸುವ ಬ್ಲೂಟೂತ್ ರೇಡಿಯೊ ಸುತ್ತಮುತ್ತ ‘ನಾನಿಲ್ಲಿದ್ದೇನೆ’ ಎಂದು ಕೂಗುತ್ತಿರುತ್ತದೆ. ಹೊರೆ ಹೊರುವ ಹೊತ್ತಿಗೆ ವೈಫೈ ರೇಡಿಯೊ ಎಚ್ಚರಗೊಂಡು ಎರಡು ಸಾಧನಗಳ ನಡುವೆ ನೇರ ಕೊಂಡಿಯನ್ನು ಹಾಕಿಕೊಳ್ಳುತ್ತದೆ. ಲೋಕಲ್‌ಸೆಂಡ್, ಕೆಡಿಇ ಕನೆಕ್ಟ್‌ನಂತಹ ಇನ್ನೊಂದು ಬಗೆಯ ತಂತ್ರಾಂಶಗಳು ಹಾಗೆ ಹೊಸ ಕೊಂಡಿ ಹಾಕಿಕೊಳ್ಳದೆ, ಫೋನು ಮತ್ತು ಕಂಪ್ಯೂಟರು ಈಗಾಗಲೇ ಒಂದೇ ರೌಟರಿಗೆ ಜೋಡಿಸಿಕೊಂಡಿವೆ ಎಂದು ಭಾವಿಸಿ, ಆ ಜಾಲದೊಳಗೇ ಕೂಗು ಹಾಕಿ ಉತ್ತರ ಕೊಟ್ಟವರಿಗೆ ಕಡತವನ್ನು ಒಪ್ಪಿಸುತ್ತವೆ. ಮೊದಲ ಬಗೆಯದ್ದಕ್ಕೆ ರೌಟರ್ ಬೇಡ. ಎರಡನೆಯದಕ್ಕೆ ರೌಟರ್ ಬೇಕು, ಆದರೆ ಇಂಟರ್‌ನೆಟ್ ಬೇಡ. ಎರಡನೆಯ ಮಾತು ಹಲವರಿಗೆ ಅಚ್ಚರಿ ತರುತ್ತದೆ: ಬ್ರಾಡ್‌ಬ್ಯಾಂಡ್ ಕಡಿದುಹೋಗಿ ರೌಟರಿನ ಕೆಂಪು ದೀಪ ಉರಿಯುತ್ತಿದ್ದರೂ ಮನೆಯೊಳಗಿನ ಈ ಸಾಗಾಟಕ್ಕೆ ಧಕ್ಕೆಯಿಲ್ಲ.

ವೇಗದ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ ನೋಡಿದರೆ ಬಹಳಷ್ಟು ಗೊಂದಲ ತಿಳಿಯಾಗುತ್ತದೆ. ಮದುವೆಯ ವಿಡಿಯೊ ಒಂದು 2 ಜಿಬಿ ಇದೆ ಎನ್ನೋಣ. ಜಾಲದ ವೇಗವನ್ನು ಬಿಟ್‌ಗಳಲ್ಲೂ ಕಡತದ ಗಾತ್ರವನ್ನು ಬೈಟ್‌ಗಳಲ್ಲೂ ಹೇಳುವುದು ವಾಡಿಕೆ; ಎಂಟು ಬಿಟ್‌ಗೆ ಒಂದು ಬೈಟ್ ಆದ್ದರಿಂದ 2 ಜಿಬಿ ಎಂದರೆ ಸುಮಾರು 16,000 ಮೆಗಾಬಿಟ್. ಬ್ಲೂಟೂತ್‌ನ 2 ಮೆಗಾಬಿಟ್ ವೇಗದಲ್ಲಿ ಇದಕ್ಕೆ 8,000 ಸೆಕೆಂಡು, ಎಂದರೆ ಎರಡು ಗಂಟೆ ಹದಿಮೂರು ನಿಮಿಷ ಬೇಕು. ಮೊಬೈಲ್ ಡೇಟಾ ಮೂಲಕ ಸೆಕೆಂಡಿಗೆ 10 ಮೆಗಾಬಿಟ್ ದರದಲ್ಲಿ ಏರಿಸಿದರೆ ಏರಿಸಲಿಕ್ಕೇ 27 ನಿಮಿಷ, ಆಮೇಲೆ ಇಳಿಸುವ ಹೊತ್ತು ಬೇರೆ. ಏರಿಸಲು 2, ಇಳಿಸಲು 2 ಎಂದು ಒಟ್ಟು 4 ಜಿಬಿ ಖರ್ಚಾಗುವುದರಿಂದ ದಿನಕ್ಕೆ 1.5 ಅಥವಾ 2 ಜಿಬಿ ಸಿಗುವ ಪ್ಯಾಕ್ ಹಾಕಿಸಿಕೊಂಡವರ ಅಂದಿನ ಡೇಟಾ ಅಲ್ಲಿಗೇ ಮುಗಿಯುತ್ತದೆ. ಹಳೆಯ 2.4 ಗಿಗಾಹರ್ಟ್ಸ್ ವೈಫೈನಲ್ಲಿ ಪೆಟ್ಟಿಗೆಯ ಮೇಲೆ ಬರೆದ ವೇಗ 72 ಮೆಗಾಬಿಟ್ ಇದ್ದರೆ ನಿಜಕ್ಕೂ ಸಿಗುವುದು ಸುಮಾರು 40. ಫೋನಿನಿಂದ ರೌಟರಿಗೆ ಒಮ್ಮೆ, ರೌಟರಿನಿಂದ ಕಂಪ್ಯೂಟರಿಗೆ ಇನ್ನೊಮ್ಮೆ, ಹೀಗೆ ಒಂದೇ ಕಡತ ಅದೇ ಗಾಳಿಯಲ್ಲಿ ಎರಡು ಸಲ ಹಾಯುವುದರಿಂದ ಅದೂ ಅರ್ಧವಾಗಿ 20ಕ್ಕೆ ಇಳಿಯುತ್ತದೆ. ವಿಡಿಯೊ ಸಾಗಲು ಹದಿಮೂರು ನಿಮಿಷ. 5 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಸಾಧಾರಣವಾದ ಎರಡು ಆಂಟೆನಾಗಳ ಫೋನಿಗೆ 500 ಮೆಗಾಬಿಟ್ ಸಿಗುತ್ತದೆ ಎಂದಿಟ್ಟುಕೊಂಡರೆ, ರೌಟರ್ ಮೂಲಕ ಹೋದಾಗ ಸುಮಾರು ಒಂದು ನಿಮಿಷ, ನೇರ ಕೊಂಡಿಯಲ್ಲಿ ಅರ್ಧ ನಿಮಿಷ ಸಾಕು.

ಇಲ್ಲಿಂದ ಎರಡು ಉಪಯುಕ್ತ ತೀರ್ಮಾನಗಳು ಹೊರಡುತ್ತವೆ. ಮೇಜಿನ ಕಂಪ್ಯೂಟರನ್ನು ರೌಟರಿಗೆ ಲ್ಯಾನ್ ಕೇಬಲ್‌ನಿಂದ ಜೋಡಿಸಿದರೆ ಗಾಳಿಯಲ್ಲಿನ ಎರಡು ಹಾರಿಕೆಗಳಲ್ಲಿ ಒಂದು ತಪ್ಪಿ, ಫೋನಿನಿಂದ ಬರುವ ಕಡತದ ವೇಗ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಐದು ಮೀಟರ್ ಕೇಬಲ್ ಈ ಲಾಭವನ್ನು ಹೊಸ ರೌಟರ್ ಕೊಳ್ಳದೆಯೇ ಕೊಡುತ್ತದೆ. ಮತ್ತೊಂದು, ಕೇಬಲ್ ಎಂದರೆ ಯಾವಾಗಲೂ ವೇಗ ಎಂಬ ನಂಬಿಕೆ ಈಗ ಪೂರ್ತಿ ಸರಿಯಲ್ಲ. ಬಹಳಷ್ಟು ಫೋನುಗಳ ಟೈಪ್-ಸಿ ಕಿಂಡಿಯ ಹಿಂದೆ ಇರುವುದು 2000ನೇ ಇಸವಿಯಲ್ಲಿ ಬಂದ ಯುಎಸ್‌ಬಿ 2.0, ಅದರ ಗರಿಷ್ಠ ಮಿತಿ 480 ಮೆಗಾಬಿಟ್, ನಿಜವಾಗಿ ಸಿಗುವುದು 300ರ ಆಸುಪಾಸು. ಒಳ್ಳೆಯ ವೈಫೈ ಅದನ್ನು ಹಿಂದಿಕ್ಕುತ್ತದೆ.

ಇಷ್ಟಾದರೂ ‘ನನ್ನ ಕಂಪ್ಯೂಟರಿನಲ್ಲಿ ಫೋನು ಕಾಣುವುದೇ ಇಲ್ಲ’ ಎಂಬ ದೂರು ನಿಂತಿಲ್ಲ. ಇದಕ್ಕೆ ಕಾರಣವಾಗುವ ಒಂದು ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಬಹಳ ಜನ ಇಲ್ಲಿಯೇ ಸೋತು ವಾಟ್ಸಾಪ್‌ಗೆ ಮರಳುತ್ತಾರೆ. ವಿಂಡೋಸ್ ಪ್ರತಿ ಹೊಸ ವೈಫೈ ಜಾಲವನ್ನೂ ‘ಪಬ್ಲಿಕ್’ ಅಥವಾ ‘ಪ್ರೈವೇಟ್’ ಎಂದು ಗುರುತು ಮಾಡಿಕೊಳ್ಳುತ್ತದೆ. ಪಬ್ಲಿಕ್ ಎಂದು ಗುರುತಾದ ಜಾಲದಲ್ಲಿ ಅದರ ಫೈರ್‌ವಾಲ್ ಎಂಬ ಕಾವಲು ತಂತ್ರಾಂಶ ಹೊರಗಿನಿಂದ ಬರುವ ಕೂಗುಗಳಿಗೆ ಕಿವಿ ಮುಚ್ಚಿಕೊಂಡಿರುತ್ತದೆ; ಬಸ್ ನಿಲ್ದಾಣದ ಉಚಿತ ವೈಫೈನಲ್ಲಿ ಅದು ಸರಿಯಾದ ನಡತೆ, ಆದರೆ ಮನೆಯ ಜಾಲವೂ ಮೊದಲ ದಿನ ಪಬ್ಲಿಕ್ ಎಂದೇ ಗುರುತಾಗಿದ್ದರೆ ಫೋನು ಎಷ್ಟು ಕೂಗಿದರೂ ಕಂಪ್ಯೂಟರು ಓಗೊಡುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಮನೆಯ ಜಾಲವನ್ನು ಪ್ರೈವೇಟ್ ಎಂದು ಬದಲಿಸಿದರೆ ಬಹುಪಾಲು ಸಂದರ್ಭಗಳಲ್ಲಿ ತೊಂದರೆ ನೀಗುತ್ತದೆ. ಪಿಜಿ, ಹಾಸ್ಟೆಲ್, ಕಚೇರಿಗಳಲ್ಲಿ ಕಾರಣ ಬೇರೆ: ಅಲ್ಲಿನ ರೌಟರುಗಳು ಒಬ್ಬರ ಸಾಧನ ಇನ್ನೊಬ್ಬರದಕ್ಕೆ ಕಾಣದಂತೆ ನಡುವೆ ಗೋಡೆ ಹಾಕಿರುತ್ತವೆ. ಆ ಗೋಡೆ ಇರುವುದು ಒಳ್ಳೆಯದೇ. ಅದನ್ನು ಒಡೆಯಲು ಹೋಗದೆ, ಫೋನಿನ ಹಾಟ್‌ಸ್ಪಾಟ್ ಹಚ್ಚಿ ಲ್ಯಾಪ್‌ಟಾಪನ್ನು ಅದಕ್ಕೆ ಜೋಡಿಸಿ ಕಡತ ಸಾಗಿಸಿಕೊಳ್ಳಬಹುದು. ಹಾಟ್‌ಸ್ಪಾಟ್ ಎಂದೊಡನೆ ಡೇಟಾ ಖರ್ಚಾಗುತ್ತದೆ ಎಂಬ ಅಂಜಿಕೆ ಬೇಡ, ಫೋನಿಗೂ ಲ್ಯಾಪ್‌ಟಾಪಿಗೂ ನಡುವಿನ ಸಾಗಾಟ ಟವರನ್ನು ಮುಟ್ಟುವುದಿಲ್ಲ. ಆಂಡ್ರಾಯ್ಡ್ ಫೋನಿನಲ್ಲಾದರೆ ಮೊಬೈಲ್ ಡೇಟಾವನ್ನು ಆರಿಸಿಟ್ಟೇ ಕೆಲಸ ಮುಗಿಸಬಹುದು. ದೊಡ್ಡ ಕಡತ ಅರ್ಧದಲ್ಲಿ ನಿಂತುಹೋಗುವುದಕ್ಕೆ ಬ್ಯಾಟರಿ ಉಳಿಸಲೆಂದು ಫೋನು ಹಿನ್ನೆಲೆಯ ಆಪ್‌ಗಳನ್ನು ಮಲಗಿಸುವುದೇ ಹೆಚ್ಚಿನ ಸಲ ಕಾರಣ, ಪರದೆಯನ್ನು ಆರದಂತೆ ಇಟ್ಟುಕೊಂಡರೆ ಸಾಕು.

ತಾಂತ್ರಿಕ ಅಡೆತಡೆಗಳಿಗೆ ಹೀಗೆ ಉಪಾಯಗಳಿವೆ. ಕಂಪನಿಗಳು ಎಬ್ಬಿಸಿದ ಗೋಡೆಗೆ ಬಳಕೆದಾರರ ಬಳಿ ಉಪಾಯವಿರಲಿಲ್ಲ. ಆಪಲ್ 2011ರಲ್ಲಿ ಮ್ಯಾಕ್‌ಗಳ ನಡುವೆ, 2013ರಲ್ಲಿ ಐಫೋನುಗಳ ನಡುವೆ ಏರ್‌ಡ್ರಾಪ್ ತಂದಿತು. ತನ್ನದೇ ಫೋನು ತನ್ನದೇ ಕಂಪ್ಯೂಟರಿಗೆ ಕಳಿಸುವಂತೆ ಮಾಡಲು ಅದಕ್ಕೂ 2014ರವರೆಗೆ ಬೇಕಾಯಿತು. ಅದರ ಒಳಗಿನ ವೈಫೈ ಕೊಂಡಿ ಆಪಲ್ ತಾನೇ ರೂಪಿಸಿಕೊಂಡದ್ದು, ಹೊರಗಿನವರಿಗೆ ತೆರೆದದ್ದಲ್ಲ. ಮೈಕ್ರೋಸಾಫ್ಟ್ 2018ರಲ್ಲಿ ವಿಂಡೋಸ್‌ಗೆ ಸೇರಿಸಿದ ನಿಯರ್‌ಬೈ ಶೇರಿಂಗ್ ವಿಂಡೋಸ್ ಕಂಪ್ಯೂಟರುಗಳ ನಡುವಿನದು. ಸ್ಯಾಮ್‌ಸಂಗ್ ಬೇರೆಯೇ ಕ್ವಿಕ್ ಶೇರ್ ಮಾಡಿತು, ಗೂಗಲ್ ಬೇರೆಯೇ ನಿಯರ್‌ಬೈ ಶೇರ್ ಮಾಡಿತು. 2024ರ ಜನವರಿಯಲ್ಲಿ ಆ ಎರಡೂ ಕ್ವಿಕ್ ಶೇರ್ ಎಂಬ ಒಂದೇ ಹೆಸರಿನಲ್ಲಿ ಒಂದಾದವು. ವೈಫೈ ಮಾನದಂಡಗಳನ್ನು ನೋಡಿಕೊಳ್ಳುವ ಕಂಪನಿಗಳ ಒಕ್ಕೂಟವಾದ ವೈಫೈ ಅಲಯನ್ಸ್ 2010ರಲ್ಲಿ ವೈಫೈ ಡೈರೆಕ್ಟ್ ಎಂಬ, 2015ರಲ್ಲಿ ವೈಫೈ ಅವೇರ್ ಎಂಬ ಸಾರ್ವತ್ರಿಕ ಮಾನದಂಡಗಳನ್ನು ಪ್ರಕಟಿಸಿದ್ದರೂ ಅವುಗಳ ಮೇಲೆ ಎಲ್ಲರಿಗೂ ಸಾಮಾನ್ಯವಾದ ಸಾಗಾಟದ ಪದ್ಧತಿ ಬೆಳೆಯಲಿಲ್ಲ. ತನ್ನ ಫೋನು ಕೊಂಡವನು ತನ್ನದೇ ಕಂಪ್ಯೂಟರನ್ನೂ ಕೊಳ್ಳಲಿ ಎಂಬ ವ್ಯಾಪಾರದ ಲೆಕ್ಕಾಚಾರಕ್ಕೆ ಈ ಗೋಡೆ ಅನುಕೂಲವಾಗಿತ್ತು. ಅದನ್ನು ತಾವಾಗಿ ಕೆಡವಲು ಯಾರಿಗೂ ಅವಸರವಿರಲಿಲ್ಲ.

ಮೊದಲ ದೊಡ್ಡ ತಳ್ಳುವಿಕೆ ಬಂದದ್ದು ಯುರೋಪಿನ ಕಾನೂನಿನಿಂದ. ಡಿಜಿಟಲ್ ಮಾರ್ಕೆಟ್ಸ್ ಆಕ್ಟ್ ಎಂಬ ಕಾಯ್ದೆಯಡಿ ಯುರೋಪಿಯನ್ ಆಯೋಗ 2025ರ ಮಾರ್ಚ್‌ನಲ್ಲಿ ನೀಡಿದ ನಿರ್ಧಾರವು, ಐಫೋನಿನ ಸಮೀಪ ಸಂಪರ್ಕದ ಹಲವು ಸೌಲಭ್ಯಗಳನ್ನು ಇತರ ಕಂಪನಿಗಳ ಸಾಧನಗಳಿಗೂ ತೆರೆಯಬೇಕೆಂದು ಆಪಲ್‌ಗೆ ವಿಧಿಸಿತು. ಅದೇ ವರ್ಷ ಬಂದ, ಐಫೋನಿನ ಕಾರ್ಯವ್ಯವಸ್ಥೆಯಾದ ಐಒಎಸ್ 26ರಲ್ಲಿ ವೈಫೈ ಅವೇರ್‌ಗೆ ಬೆಂಬಲ ಸಿಕ್ಕಿತು. ನವೆಂಬರಿನಲ್ಲಿ ಗೂಗಲ್, ಆಪಲ್‌ನ ಸಹಕಾರವಿಲ್ಲದೆ ತಾನೇ ದಾರಿ ಮಾಡಿಕೊಂಡು, ಪಿಕ್ಸೆಲ್ 10 ಫೋನುಗಳ ಕ್ವಿಕ್ ಶೇರ್‌ನಿಂದ ಏರ್‌ಡ್ರಾಪ್‌ಗೆ ಕಡತ ಕಳಿಸುವ, ಅಲ್ಲಿಂದ ಪಡೆಯುವ ಸೌಲಭ್ಯವನ್ನು ಪ್ರಕಟಿಸಿತು. ಐಫೋನು, ಐಪ್ಯಾಡು, ಮ್ಯಾಕ್ ಮೂರಕ್ಕೂ ಅದು ನಡೆಯುತ್ತದೆ, ಆಪಲ್ ಸಾಧನದಲ್ಲಿ ‘ಎಲ್ಲರಿಗೂ ಹತ್ತು ನಿಮಿಷ’ ಎಂಬ ಆಯ್ಕೆ ಹಚ್ಚಿರಬೇಕು ಅಷ್ಟೇ. ಆಂಡ್ರಾಯ್ಡ್ ಫೋನು ಮತ್ತು ಮ್ಯಾಕ್ ನಡುವೆ ಎರಡೂ ಕಡೆಯ ಸ್ವಂತ ಸೌಲಭ್ಯಗಳೇ ಮಾತಾಡಿಕೊಳ್ಳಲು ಹೀಗೆ ಹದಿನಾಲ್ಕು ವರ್ಷ ಹಿಡಿಯಿತು. ಇದು ಆರಂಭ ಮಾತ್ರ. ಕರ್ನಾಟಕದ ಅಂಗಡಿಗಳಲ್ಲಿ ಗ್ರಾಹಕರು ಹಿಡಿದು ಬರುವ ಹತ್ತು ಹನ್ನೆರಡು ಸಾವಿರ ರೂಪಾಯಿಯ ಫೋನುಗಳ ದೃಷ್ಟಿಯಿಂದ ಅದಕ್ಕಿಂತ ಮುಖ್ಯವಾದದ್ದು, ಆಂಡ್ರಾಯ್ಡ್ ಫೋನುಗಳಲ್ಲಿ ಮೊದಲೇ ಇರುವ ಕ್ವಿಕ್ ಶೇರ್ ಈಗ ವಿಂಡೋಸ್‌ಗೂ ಉಚಿತವಾಗಿ ಸಿಗುತ್ತಿರುವುದು.

ಕಂಪನಿಗಳು ಗೋಡೆ ಕಟ್ಟುತ್ತಿದ್ದ ಅದೇ ವರ್ಷಗಳಲ್ಲಿ ಸ್ವಯಂಸೇವಕರು ಅದರ ಸುತ್ತ ಕಾಲುದಾರಿ ಮಾಡುತ್ತಿದ್ದರು ಎಂಬುದನ್ನು ಕೃತಜ್ಞತೆಯಿಂದ ಹೇಳಬೇಕು. ಲಿನಕ್ಸ್ ಬಳಸುವವರಿಗಾಗಿ 2013ರಲ್ಲಿ ಹುಟ್ಟಿದ ಕೆಡಿಇ ಕನೆಕ್ಟ್ ಈಗ ವಿಂಡೋಸ್, ಮ್ಯಾಕ್, ಐಫೋನುಗಳಲ್ಲೂ ಇದೆ. ಕಡತವನ್ನಷ್ಟೇ ಸಾಗಿಸದೆ ಫೋನಿನಲ್ಲಿ ನಕಲಿಸಿದ ಸಾಲನ್ನು ಕಂಪ್ಯೂಟರಿನಲ್ಲಿ ಅಂಟಿಸಲು ಕೂಡ ಅದು ನೆರವಾಗುತ್ತದೆ. 2022ರಲ್ಲಿ ಬಂದ ಲೋಕಲ್‌ಸೆಂಡ್ ಇನ್ನೂ ಸರಳ. ಖಾತೆ ಬೇಡ, ಜಾಹೀರಾತಿಲ್ಲ, ಮೂಲಸಂಕೇತ ಎಲ್ಲರಿಗೂ ತೆರೆದಿದೆ, ಆಂಡ್ರಾಯ್ಡ್, ಐಫೋನ್, ವಿಂಡೋಸ್, ಮ್ಯಾಕ್, ಲಿನಕ್ಸ್ ಐದರಲ್ಲೂ ಒಂದೇ ರೀತಿ ಕೆಲಸ ಮಾಡುತ್ತದೆ, ಸಾಗುವ ಕಡತಕ್ಕೆ ಗೂಢಲಿಪಿಯ ರಕ್ಷಣೆಯೂ ಇದೆ. ಬೇರೆ ಬೇರೆ ಕಂಪನಿಗಳ ಸಾಧನಗಳಿರುವ ಮನೆಗೆ ನಾನು ಮೊದಲು ಸೂಚಿಸುವುದು ಇದನ್ನೇ. ಏನನ್ನೂ ಅಳವಡಿಸಿಕೊಳ್ಳಲು ಮನಸ್ಸಿಲ್ಲದವರಿಗೆ ಪೇರ್‌ಡ್ರಾಪ್ ಎಂಬ ಜಾಲಪುಟವಿದೆ. ಎರಡೂ ಸಾಧನಗಳ ಬ್ರೌಸರಿನಲ್ಲಿ ಅದನ್ನು ತೆರೆದರೆ ಪುಟ ಮಾತ್ರ ಇಂಟರ್‌ನೆಟ್‌ನಿಂದ ಬರುತ್ತದೆ, ಒಂದೇ ವೈಫೈನಲ್ಲಿರುವಾಗ ಕಡತವು ಒಂದು ಬ್ರೌಸರಿನಿಂದ ಇನ್ನೊಂದಕ್ಕೆ ನೇರವಾಗಿ ಹೋಗುತ್ತದೆ.

ನೇರ ದಾರಿ ಎಂದ ಮಾತ್ರಕ್ಕೆ ಅದು ತಾನಾಗಿ ಸುರಕ್ಷಿತ ಎಂದು ತಿಳಿಯಬಾರದು. ಮೇಲೆ ಹೇಳಿದ ಇಎಸ್ ಫೈಲ್ ಎಕ್ಸ್‌ಪ್ಲೋರರ್ ಫೋನಿನೊಳಗೆ ಸದ್ದಿಲ್ಲದೆ ಒಂದು ಸರ್ವರನ್ನು ತೆರೆದಿಟ್ಟಿರುತ್ತಿತ್ತೆಂದೂ, ಅದೇ ವೈಫೈನಲ್ಲಿರುವ ಯಾರಾದರೂ ಅದರ ಮೂಲಕ ಫೋನಿನ ಕಡತಗಳನ್ನು ಸೆಳೆದುಕೊಳ್ಳಬಹುದಿತ್ತೆಂದೂ 2019ರ ಜನವರಿಯಲ್ಲಿ ಬಯಲಾಯಿತು. 2024ರ ಆಗಸ್ಟ್‌ನಲ್ಲಿ ಸೇಫ್‌ಬ್ರೀಚ್ ಸಂಸ್ಥೆಯ ಭದ್ರತಾ ಸಂಶೋಧಕರು ಕ್ವಿಕ್ ಶೇರ್‌ನಲ್ಲಿ, ಹೆಚ್ಚಾಗಿ ಅದರ ವಿಂಡೋಸ್ ಆವೃತ್ತಿಯಲ್ಲಿ, ಹತ್ತು ದೋಷಗಳನ್ನು ಪ್ರಕಟಿಸಿದರು. ಅವುಗಳಲ್ಲೊಂದರಿಂದ ಪಡೆಯುವವರ ಒಪ್ಪಿಗೆಯಿಲ್ಲದೆಯೇ ಕಂಪ್ಯೂಟರಿಗೆ ಕಡತ ಇಳಿಸಬಹುದಿತ್ತು. ಗೂಗಲ್ ಅವನ್ನು ಸರಿಪಡಿಸಿದೆ, ಆದ್ದರಿಂದ ಹಳೆಯ ಆವೃತ್ತಿಯನ್ನು ಇಟ್ಟುಕೊಳ್ಳಬಾರದು. ಜರ್ಮನಿಯ ಡಾರ್ಮ್‌ಸ್ಟಾಟ್ ತಾಂತ್ರಿಕ ವಿಶ್ವವಿದ್ಯಾಲಯದವರು ಏರ್‌ಡ್ರಾಪ್‌ನಲ್ಲಿ ಕಂಡ ದೋಷ ಇನ್ನೂ ಸೂಕ್ಷ್ಮವಾದದ್ದು. ಎದುರಿನ ಸಾಧನ ಪರಿಚಿತರದೇ ಎಂದು ಪರೀಕ್ಷಿಸಲು ಅದು ಫೋನ್ ಸಂಖ್ಯೆಯ ಹ್ಯಾಶ್ ಎಂಬ ಗಣಿತದ ಅಚ್ಚನ್ನು ಕಳಿಸುತ್ತದೆ. ಅಚ್ಚಿನಿಂದ ಸಂಖ್ಯೆಯನ್ನು ಹಿಂದಕ್ಕೆ ತೆಗೆಯಲಾಗದು ಎಂಬುದು ಅದರ ಹಿಂದಿನ ನಂಬಿಕೆ. ಆದರೆ ಸಾಧ್ಯವಿರುವ ಸಂಖ್ಯೆಗಳೇ ಕಡಿಮೆ. ಭಾರತದ್ದನ್ನೇ ತೆಗೆದುಕೊಂಡರೆ, 6ರಿಂದ 9ರವರೆಗಿನ ಅಂಕಿಯಿಂದ ಆರಂಭವಾಗುವ ಹತ್ತಂಕಿಯ ಸಂಖ್ಯೆಗಳು ಒಟ್ಟು 400 ಕೋಟಿ, ಮತ್ತು ಇಂದಿನ ಕಂಪ್ಯೂಟರಿಗೆ 400 ಕೋಟಿ ಅಚ್ಚುಗಳನ್ನು ಒತ್ತಿ ಹೋಲಿಸಿ ನೋಡುವುದು ದೊಡ್ಡ ಕೆಲಸವಲ್ಲ. ಜನಜಂಗುಳಿಯಲ್ಲಿ ‘ಎಲ್ಲರಿಂದ’ ಪಡೆಯುವ ಆಯ್ಕೆಯನ್ನು ಮುಚ್ಚಿಡಬೇಕು, ಬೇಕಾದಾಗ ತೆರೆದು ಕೆಲಸವಾದೊಡನೆ ಮುಚ್ಚಬೇಕು.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಎದುರಾಗುವ ಒಂದೆರಡು ತೊಡಕುಗಳನ್ನು ಇಲ್ಲಿ ಸೇರಿಸುತ್ತೇನೆ, ಏಕೆಂದರೆ ಇವುಗಳ ಬಗ್ಗೆ ಬರೆದವರು ಕಡಿಮೆ. ಕಂಪ್ಯೂಟರಿನಲ್ಲಿ ಉದ್ದವಾದ ಕನ್ನಡ ಹೆಸರಿಟ್ಟ ಕಡತವೊಂದು ಫೋನಿಗೆ ಹೋಗಲು ಒಪ್ಪದಿದ್ದರೆ ದೋಷ ವೈಫೈನದ್ದಾಗಿರಬೇಕಿಲ್ಲ. ವಿಂಡೋಸ್‌ನಲ್ಲಿ ಕಡತದ ಹೆಸರು 255 ಚಿಹ್ನೆಗಳವರೆಗೆ ಇರಬಹುದು. ಆಂಡ್ರಾಯ್ಡ್ ಮತ್ತು ಲಿನಕ್ಸ್‌ನಲ್ಲಿ ಮಿತಿ 255 ಬೈಟ್‌ಗಳದ್ದು. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯುನಿಕೋಡ್ ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್ ಬೇಕು. ‘ಸ್ತ್ರೀ’ ಎಂಬುದು ನಮ್ಮ ಕಣ್ಣಿಗೆ ಒಂದೇ ಅಕ್ಷರ, ಆದರೆ ಒಳಗೆ ಸ, ವಿರಾಮ, ತ, ವಿರಾಮ, ರ, ದೀರ್ಘ ಎಂದು ಆರು ಚಿಹ್ನೆಗಳು, ಹದಿನೆಂಟು ಬೈಟ್‌ಗಳು. ಹೀಗೆ ಕನ್ನಡದ ಹೆಸರಿಗೆ ಫೋನಿನಲ್ಲಿ ಸಿಗುವುದು 85 ಚಿಹ್ನೆಗಳ ಜಾಗ ಮಾತ್ರ. ಅರ್ಜಿಯ ವಿಷಯವನ್ನೇ ಕಡತದ ಹೆಸರಾಗಿ ಇಡುವ ನಮ್ಮ ಕಚೇರಿಗಳ ಅಭ್ಯಾಸದಿಂದ ಈ ಮಿತಿ ಸುಲಭವಾಗಿ ಮೀರಿಹೋಗುತ್ತದೆ. ಮ್ಯಾಕ್ ಬಳಸುವವರಿಗೆ ಇನ್ನೊಂದು ಸಂಗತಿ: ‘ಕೋಲಾರ’ದ ಓಕಾರವನ್ನು ಯುನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಮೂರು ಚಿಹ್ನೆಗಳಾಗಿ ಒಡೆದೂ ಬರೆಯಬಹುದು, ಮ್ಯಾಕ್‌ನ ಹಳೆಯ ಕಡತ ವ್ಯವಸ್ಥೆ ಯಾವಾಗಲೂ ಒಡೆದೇ ಇಡುತ್ತಿತ್ತು. ಅಲ್ಲಿಂದ ಬಂದ ಕಡತವನ್ನು ಬೇರೆ ಕಂಪ್ಯೂಟರಿನಲ್ಲಿ ಹೆಸರು ಹಿಡಿದು ಹುಡುಕಿದಾಗ ಸಿಗದಿರುವುದಕ್ಕೂ, ಒಂದೇ ಹೆಸರಿನ ಎರಡು ಕಡತಗಳು ಪಕ್ಕಪಕ್ಕದಲ್ಲಿ ಕಾಣಿಸುವುದಕ್ಕೂ ಇದು ಕಾರಣವಾಗಬಲ್ಲದು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬೆರಳಚ್ಚಾದ ದಾಖಲೆ ಫೋನಿಗೆ ಬಂದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುವುದಂತೂ ಎಲ್ಲರಿಗೂ ಗೊತ್ತಿರುವ ಗೋಳು. ಅದು ಸಾಗಾಟದಲ್ಲಿ ಕೆಟ್ಟದ್ದಲ್ಲ, ಆ ಫಾಂಟು ಫೋನಿನಲ್ಲಿ ಇಲ್ಲದ್ದರಿಂದ ಆದದ್ದು. ಕಳಿಸುವ ಮೊದಲೇ ಪಿಡಿಎಫ್ ಮಾಡಿದರೆ ಫಾಂಟು ಅದರೊಳಗೇ ಸೇರಿಕೊಂಡು ಬರುತ್ತದೆ.

ಮತ್ತೆ ಜೆರಾಕ್ಸ್ ಅಂಗಡಿಗೆ ಬರೋಣ. ಅಲ್ಲಿನ ಕಂಪ್ಯೂಟರು ಸಾಮಾನ್ಯವಾಗಿ ಹಳೆಯ ಮೇಜಿನ ಯಂತ್ರ. ಅದರಲ್ಲಿ ಬ್ಲೂಟೂತ್ ಆಗಲಿ ವೈಫೈ ಆಗಲಿ ಇರುವುದು ಕಡಿಮೆ, ಕ್ವಿಕ್ ಶೇರ್‌ಗೆ ಅವು ಬೇಕು. ಕೆಲವು ನೂರು ರೂಪಾಯಿಗೆ ಸಿಗುವ, ಎರಡೂ ಸೇರಿರುವ ಯುಎಸ್‌ಬಿ ಡಾಂಗಲ್ ಒಂದನ್ನು ಸಿಕ್ಕಿಸಿ, ಕ್ವಿಕ್ ಶೇರ್ ಅಳವಡಿಸಿ, ಯಂತ್ರಕ್ಕೆ ಅಂಗಡಿಯ ಹೆಸರನ್ನೇ ಇಟ್ಟರೆ ಆಂಡ್ರಾಯ್ಡ್ ಫೋನಿನ ಗ್ರಾಹಕರು ‘ಶೇರ್’ ಒತ್ತಿ ಆ ಹೆಸರನ್ನು ಆರಿಸಿದರಾಯಿತು. ಅವರ ಡೇಟಾ ಖರ್ಚಾಗುವುದಿಲ್ಲ, ಸಂಖ್ಯೆ ಅಂಗಡಿಗೆ ಸಿಗುವುದಿಲ್ಲ, ಪಹಣಿಯ ಅಕ್ಷರ ಕಲಸುವುದಿಲ್ಲ. ಇಂಟರ್‌ನೆಟ್ ಕೈಕೊಟ್ಟ ದಿನವೂ ಅಂಗಡಿಯ ಮುಂದಿನ ಸಾಲು ನಿಲ್ಲುವುದಿಲ್ಲ ಎಂಬುದು ಅಂಗಡಿಯವರಿಗೆ ಎಲ್ಲಕ್ಕಿಂತ ದೊಡ್ಡ ಆಕರ್ಷಣೆಯಾಗಬಹುದು. ಐಫೋನಿನವರಿಗಾಗಿ ಪೇರ್‌ಡ್ರಾಪ್ ಪುಟವನ್ನು ತೆರೆದಿಟ್ಟುಕೊಂಡು, ಅಂಗಡಿಯ ವೈಫೈಗೆ ಸೇರುವ ಕ್ಯೂಆರ್ ಸಂಕೇತವನ್ನು ಗಾಜಿಗೆ ಅಂಟಿಸಬಹುದು. ಆದರೆ ವೈಫೈ ಎಲ್ಲರಿಗೂ ತೆರೆದಿರುವುದು ಬೇರೆ ತೊಂದರೆಗೆ ದಾರಿಯಾಗುವುದರಿಂದ ಅದನ್ನು ಕಡ್ಡಾಯವಾಗಿ ಮಾಡಿ ಎಂದು ನಾನು ಹೇಳಲಾರೆ.

ಇಷ್ಟೆಲ್ಲ ಮಾಡಿದರೂ ಡೌನ್‌ಲೋಡ್ಸ್ ಫೋಲ್ಡರಿನ ಪ್ರತಿ ಉಳಿದೇ ಇರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯು ಉದ್ದೇಶ ಮುಗಿದ ಮೇಲೆ ದತ್ತಾಂಶವನ್ನು ಅಳಿಸಬೇಕೆಂದು ಹೇಳುತ್ತದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ, ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರಲು ಅಲ್ಲಿಂದ ಹದಿನೆಂಟು ತಿಂಗಳ ಕಾಲಾವಕಾಶವಿದೆ. ಅಂಗಡಿಯವರು ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ವಿಂಡೋಸ್‌ನ ಸ್ಟೋರೇಜ್ ಸೆನ್ಸ್ ಎಂಬ ಸೌಲಭ್ಯದಲ್ಲಿ, ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ತೆರೆಯದೆ ಬಿದ್ದಿರುವ ಕಡತಗಳನ್ನು ಒಂದು ದಿನದ ನಂತರ ತಾನಾಗಿ ಅಳಿಸುವ ಆಯ್ಕೆಯಿದೆ, ಅದನ್ನು ಹಚ್ಚಲು ಒಂದು ನಿಮಿಷ ಸಾಕು. ಅಲ್ಲಿಯವರೆಗೆ, ಪ್ರಿಂಟ್ ಕೈಗೆ ಬಂದೊಡನೆ ಗ್ರಾಹಕರು ‘ಅಣ್ಣಾ, ಆ ಫೈಲ್ ಒಂದು ಡಿಲೀಟ್ ಮಾಡಿಬಿಡಿ’ ಎಂದು ಅಲ್ಲಿಯೇ ನಿಂತು ಕೇಳಬೇಕು, ರೀಸೈಕಲ್ ಬಿನ್‌ನಿಂದಲೂ ಅದು ಹೋಯಿತೇ ಎಂದು ಪರದೆಯನ್ನು ನೋಡಿಕೊಂಡೇ ಹೊರಡಬೇಕು.